ಬಿಳಿಯ ಪಟ್ಟಿಯ ಚಿಂತೆ



ನಲವತ್ತರ ವಯಸ್ಸಿನಲ್ಲಿ, ಕಚೇರಿಯ ದುಡಿಮೆ ಮುಗಿಸಿ, ವಾರಕ್ಕೆ ಎರಡೇ ಸಂಜೆ ಬ್ರೆಜಿಲಿಯನ್ ಜಿಯು-ಜಿತ್ಸುವನ್ನು ಅಭ್ಯಸಿಸುತ್ತಿರುವ ತಾವು, ಒಂದೂವರೆ ವರ್ಷವಾದರೂ ಬಿಳಿಯ ಪಟ್ಟಿ ನೀಲಿಯಾಗಲಿಲ್ಲವೆಂದು ಕೊರಗುತ್ತಿರುವಿರಿ. ಆದರೆ ನೀಲಿಯನ್ನು ಪಡೆದವನು ಕೂಡ ನೇರಳೆಗೆ ಏರಲು ಸಾಮಾನ್ಯವಾಗಿ 2 ವರ್ಷ ಕಾಯಬೇಕೆಂದು ಈ ಕ್ರೀಡೆಯ ಅಂತರರಾಷ್ಟ್ರೀಯ ಒಕ್ಕೂಟವೇ ವಿಧಿಸಿರುವಾಗ, ಈ ವಿದ್ಯೆಯನ್ನು ತಿಂಗಳುಗಳಿಂದ ಅಳೆಯುವುದು ಉಚಿತವಲ್ಲ. ಇನ್ನು ತರುಣರ ಕೈಯಲ್ಲಿ ಪ್ರತಿಸಲವೂ ಸೋಲುವ ತಮ್ಮ ದುಃಖಕ್ಕೆ ನನ್ನ ಸಲಹೆಯಿಷ್ಟೆ: ಕೆಲಕಾಲ ಗೆಲ್ಲುವ ಆಸೆಯನ್ನು ಬದಿಗಿರಿಸಿ, ಕೆಳಗೆ ಸಿಕ್ಕಿಬಿದ್ದಾಗ ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಮಗ್ಗುಲಿಗೆ ಹೊರಳಿ, ಸೊಂಟವನ್ನು ಸರಿಸಿ ಬಿಡಿಸಿಕೊಳ್ಳುವುದೊಂದನ್ನೇ ಸಾಧಿಸಿರಿ. ಕೀಲು ನೋಯುವ ಮುನ್ನವೇ ಕೈತಟ್ಟಿ ಸೋಲೊಪ್ಪಿರಿ. ಅಭಿಮಾನಕ್ಕಾಗಿ ತಡಮಾಡಿ, ವಾರಗಟ್ಟಲೆ ಲೇಖನಿ ಹಿಡಿಯಲಾರದೆ ಕುಳಿತ ಮೂಢನೊಬ್ಬನ ಮಾತಿದು. ಗುರುಗಳೊಡನೆ ಪಟ್ಟಿಯ ಪ್ರಸ್ತಾಪ ಬೇಡ; ಯಾವ ಹಿಡಿತದಲ್ಲಿ ತಾವು ತಡವರಿಸುವಿರೆಂಬುದನ್ನು ಕೇಳಿರಿ.