ಮುನ್ಸೀಫರ ಕುರ್ಚಿ, ಕೆರೆ ಸಮಿತಿಯ ಚಾಪೆ

ತಾಲೂಕು ಕೋರ್ಟುಗಳಲ್ಲಿ ಸಿವಿಲ್ ನ್ಯಾಯಾಧೀಶನಾಗಿದ್ದೆ. ಊರವರ ಬಾಯಲ್ಲಿ ಅದು ಇನ್ನೂ ಮುನ್ಸೀಫ್ ಕೋರ್ಟೇ. ನಿವೃತ್ತಿಯ ಮೇಲೆ ಕೆರೆ ಸಮಿತಿಯ ಅಧ್ಯಕ್ಷಗಿರಿ ಬಂತು. ನ್ಯಾಯಾಂಗ ಸೇವೆಗೆ ಹೊಸದಾಗಿ ಬಂದವರು ಕೇಳಿದರೆ ಇಷ್ಟು ಹೇಳುತ್ತೇನೆ.

1. ಸಣ್ಣ ಊರು ನಿಮ್ಮನ್ನು ನೋಡುತ್ತಲೇ ಇರುತ್ತದೆ. ಯಾರ ಗೃಹಪ್ರವೇಶದಲ್ಲಿ ಉಂಡಿರಿ ಎಂಬುದು ಸಂಜೆಯೊಳಗೆ ಕಕ್ಷಿದಾರರ ಕಿವಿ ಮುಟ್ಟುತ್ತದೆ. ಬಾಗಿಲು ಹಾಕಿಕೊಂಡು ಕೂರಬೇಕಿಲ್ಲ. ವಕೀಲರ ಕಾರು ಮಾತ್ರ ಹತ್ತಬೇಡಿ.

2. ವಾಯಿದೆ ಯಾಕೆ ಹೋಯಿತೆಂದು ಕಕ್ಷಿದಾರರಿಗೇ ಕನ್ನಡದಲ್ಲಿ ಹೇಳಿ. ಕೂಲಿ ಬಿಟ್ಟು, ಮೊದಲ ಬಸ್ಸು ಹಿಡಿದು ಬಂದವರು ಅವರು. ಸಂತೆ, ನಾಟಿ, ಕೊಯ್ಲು ನೋಡಿ ತಾರೀಖು ಹಾಕಿದರೆ ಸಾಕ್ಷಿಗಳೂ ಬರುತ್ತಾರೆ.

3. ಪಾಲಿನ ದಾವೆ ರಾಜಿಯಾಗುತ್ತಿದೆ ಎಂದ ಕೂಡಲೇ ಖುಷಿಪಡಬೇಡಿ. ಅಕ್ಕತಂಗಿಯರು ಎಲ್ಲಿ ನಿಂತಿದ್ದಾರೆ ನೋಡಿ. ಕರ್ನಾಟಕ 1994ರಲ್ಲೇ ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಟ್ಟಿತು. 2005ರ ಕೇಂದ್ರ ತಿದ್ದುಪಡಿ ಮದುವೆಯಾದವರನ್ನೂ ಸೇರಿಸಿತು. ಆ ಹಕ್ಕು ಹುಟ್ಟಿನಿಂದಲೇ ಬರುವುದು, 2005ರಲ್ಲಿ ತಂದೆ ಬದುಕಿರಬೇಕೆಂದೇನಿಲ್ಲ ಎಂದು 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇಷ್ಟಾದರೂ ಲೋಕ ಅದಾಲತ್‌ನಲ್ಲಿ ಅಣ್ಣನ ಪಕ್ಕ ನಿಂತ ತಂಗಿ "ನಂಗೇನೂ ಬೇಡ ಸ್ವಾಮಿ" ಅನ್ನುತ್ತಾಳೆ. ಕೆಲವರು ಮನಸಾರೆ ಬಿಟ್ಟುಕೊಡುತ್ತಾರೆ, ನಿಜ. ಹಲವರಿಗೆ ತವರಿನ ಬಾಗಿಲು ಮುಚ್ಚೀತೆಂಬ ಭಯ. ಅಣ್ಣಂದಿರನ್ನು ಹೊರಗೆ ಕಳಿಸಿ, ಅವಳೊಬ್ಬಳನ್ನೇ ಕೂರಿಸಿಕೊಂಡು, ಎಷ್ಟು ಎಕರೆ ಬಿಡುತ್ತಿದ್ದೀಯ ಗೊತ್ತೇನಮ್ಮ ಎಂದು ಕೇಳಿ. ಅವರು ಗೊಣಗಿದರೆ ಗೊಣಗಲಿ. ಅದಾಲತ್‌ನ ರಾಜಿ ತೀರ್ಪಿಗೆ ಡಿಕ್ರಿಯ ಬಲವಿದೆ, ಮೇಲ್ಮನವಿ ಇಲ್ಲ. ಇಂದು ಕೇಳದಿದ್ದರೆ ಮುಂದೆ ಕೇಳುವವರಿಲ್ಲ. ಆ ದಿನ ಎಷ್ಟು ಕೇಸು ಮುಗಿದವು ಎಂಬ ಲೆಕ್ಕ ಪತ್ರಿಕೆಗೆ ಬೇಕಾದೀತು, ಅವಳಿಗಲ್ಲ.

4. ಡಿಕ್ರಿ ಸಿಕ್ಕ ಮೇಲೆಯೇ ಕಷ್ಟ ಶುರು ಎಂದು ಪ್ರಿವಿ ಕೌನ್ಸಿಲ್ 1872ರಲ್ಲೇ ಹೇಳಿತ್ತು. ತೀರ್ಪು ಬರೆಯುವ ಮೊದಲೇ ಚಕ್ಕುಬಂದಿ ಓದಿ. ಅದು ತಪ್ಪಿದ್ದರೆ ಅಮೀನರು ಹೊಲದ ಬದುವಿನಲ್ಲಿ ನಿಂತು ವಾಪಸ್ ಬರುತ್ತಾರೆ.

5. ನಿವೃತ್ತಿಯ ಮೇಲೆ ಊರಿನ ಸಮಿತಿಗೆ ಬಂದರೆ, ಅಲ್ಲಿ ಕುರ್ಚಿ ಹಾಕಿಸಿಕೊಳ್ಳಬೇಡಿ. "ಸಾಹೇಬ್ರೇ ಹೇಳಿಬಿಡಲಿ" ಎಂದು ಸಭೆ ಸುಮ್ಮನಾಗುತ್ತದೆ, ಅಷ್ಟಕ್ಕೇ ತೀರ್ಮಾನವಾದಂತೆ. ಕೋರ್ಟಿನಲ್ಲಿ ಬಾಯಿ ಮುಚ್ಚಿಸಿದ ಗತ್ತು ಇಲ್ಲಿಗೂ ಹಿಂದೆಯೇ ಬರುತ್ತದೆ. ನಾನು ಚಾಪೆಯ ತುದಿಯಲ್ಲಿ ಕೂತು ನೀರುಗಂಟಿಯಿಂದ ಮಾತು ಶುರು ಮಾಡಿಸುತ್ತೇನೆ. ತೂಬು ಎಲ್ಲಿ ಸೋರುತ್ತದೆ, ರಾಜಕಾಲುವೆ ಎಲ್ಲಿ ಕಟ್ಟಿಕೊಂಡಿದೆ ಎಂಬುದು ಅವರಿಗೆ ಗೊತ್ತು. ಒತ್ತುವರಿಯ ಮಾತು ಬಂದಾಗ ಯಾರ ಹೆಸರನ್ನೂ ಎತ್ತುವುದಿಲ್ಲ. ಗ್ರಾಮ ನಕಾಶೆ, ಆಕಾರಬಂದ್ ತಂದಿಟ್ಟು, ಅಳತೆ ಮಾಡಿ ಗಡಿ ಗುರುತಿಸಲು ತಹಸೀಲ್ದಾರರಿಗೆ ಅರ್ಜಿ. ಪಹಣಿಯೊಂದನ್ನೇ ಹಿಡಿದು ಹೊರಟವರನ್ನು ಕೋರ್ಟಿನಲ್ಲಿ ಸಾಕಷ್ಟು ನೋಡಿದ್ದೇನೆ. ಅದರ ನಮೂದು ಸರಿ ಎಂದು ಕಾನೂನು ಊಹಿಸಿಕೊಳ್ಳುತ್ತದೆ, ಅಷ್ಟೆ. ಬೇರೆ ಸಾಕ್ಷ್ಯ ಬಂದರೆ ಆ ಊಹೆ ಬಿದ್ದುಹೋಗುತ್ತದೆ.

6. ಮನೆಗೆ ಕಾಗದ ಹಿಡಿದು ಬರುವವರನ್ನು ತಾಲೂಕು ಕಾನೂನು ಸೇವಾ ಸಮಿತಿಗೆ ಕಳಿಸಿ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಅಲ್ಲಿ ಆದಾಯ ಎಷ್ಟಿದ್ದರೂ ವಕೀಲರು ಉಚಿತ. ದಾರಿ ಹೇಳಿಕೊಡುತ್ತೇನೆ, ಜೊತೆಗೆ ಹೋಗುವುದಿಲ್ಲ. ನನ್ನನ್ನು ಕಂಡರೆ ಸಿಬ್ಬಂದಿ ಈಗಲೂ ಎದ್ದು ನಿಲ್ಲುತ್ತಾರೆ, ಅದನ್ನು ಎದುರು ಪಾರ್ಟಿಯವರೂ ನೋಡುತ್ತಾರೆ.