ಗದ್ದೆ ಹೋದರೆ ತೋಟಕ್ಕೇನು ನಷ್ಟ?

ಮಣ್ಣು–ಬೆಳೆ: ಓದುಗರ ಪ್ರಶ್ನೆಗಳಿಗೆ ತಜ್ಞರ ಉತ್ತರ

ಪ್ರಶ್ನೆ: ನಮ್ಮದು ಒಂದೂವರೆ ಎಕರೆ ಗದ್ದೆ. ಭತ್ತ ಬೆಳೆದರೆ ಆಳಿನ ಖರ್ಚೂ ಹುಟ್ಟುವುದಿಲ್ಲ. ಅಕ್ಕಪಕ್ಕದವರೆಲ್ಲ ಮಣ್ಣು ತುಂಬಿಸಿ ಅಡಿಕೆ ಹಾಕಿಯಾಯಿತು. ನಾವೂ ಹಾಕಬಹುದೇ? ಅಕ್ಕಿ ಹೇಗೂ ಪೇಟೆಯಲ್ಲಿ ಸಿಗುತ್ತದಲ್ಲ?
— ಓದುಗರು, ಸಿದ್ದಾಪುರ ತಾಲೂಕು

ಉತ್ತರ: ಭತ್ತದಲ್ಲಿ ಕೈಗೆ ದುಡ್ಡು ಉಳಿಯುವುದಿಲ್ಲ ಎಂಬುದು ನಿಜ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ನಿಮ್ಮ ಲೆಕ್ಕದಲ್ಲಿ ಹುಲ್ಲು ಸೇರಿದೆಯೇ? ಗದ್ದೆಯ ಹುಲ್ಲು ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರ ತೋಟಕ್ಕೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಬೇಸಾಯ ನಡೆದುಬಂದದ್ದೇ ಹೀಗೆ. ಗದ್ದೆ ಹೋದ ಮನೆಯವರು ಮೊದಲು ಹುಲ್ಲು ಕೊಳ್ಳುತ್ತಾರೆ, ಆಮೇಲೆ ದನ ಮಾರುತ್ತಾರೆ, ಕೊನೆಗೆ ಗೊಬ್ಬರವನ್ನೂ ಲಾರಿಯಲ್ಲಿ ತರಿಸುತ್ತಾರೆ. ಅಂದರೆ ಗದ್ದೆ ತೆಗೆದ ನಷ್ಟ ಕೆಲವು ವರ್ಷ ಬಿಟ್ಟು ಹಳೆಯ ತೋಟದಲ್ಲೇ ಕಾಣಿಸಿಕೊಳ್ಳುತ್ತದೆ.

ಇನ್ನು ಮಣ್ಣಿನ ವಿಷಯ. ನಮ್ಮದು ಮಳೆಗೆ ತೊಳೆದು ಹುಳಿಯಾದ, ಕಬ್ಬಿಣ ತುಂಬಿದ ಕೆಂಪು ಮಣ್ಣು. ಅದರಲ್ಲಿ ರಂಜಕವು ಕಬ್ಬಿಣಕ್ಕೆ ಅಂಟಿಕೊಂಡು ಗಿಡಕ್ಕೆ ಸಿಗದೆ ಹೋಗುತ್ತದೆ. ಗದ್ದೆಯಲ್ಲಿ ನೀರು ನಿಂತಾಗ ಈ ಹುಳಿ ಇಳಿಯುತ್ತದೆ, ಕಟ್ಟಿಬಿದ್ದ ರಂಜಕ ಸಡಿಲಗೊಂಡು ಸಸಿಯ ಬೇರಿಗೆ ದಕ್ಕುತ್ತದೆ. ನೀರು ಬೇಗ ಇಳಿದುಹೋಗದಂತೆ ಕೆಳಗಿನ ಗಟ್ಟಿ ಪದರ ತಡೆಯುತ್ತದೆ. ತಲೆಮಾರುಗಳು ಕೆಸರು ಹೂಟಿ ಮಾಡಿದ್ದರಿಂದ ಆದ ಪದರ ಅದು. ಅದರ ಮೇಲೆ ಎರಡಡಿ ಕೆಮ್ಮಣ್ಣು ಸುರಿದು, ಕಾದಿಗೆ ತೆಗೆದು ನೀರು ಬಸಿದರೆ ಈ ಗುಣವೆಲ್ಲ ಹೋಯಿತು. ನಾಳೆ ನಿಮ್ಮ ಮೊಮ್ಮಕ್ಕಳಿಗೆ ಭತ್ತ ಬೇಕೆನಿಸಿದರೆ ಆ ಗದ್ದೆ ಮರಳಿ ಸಿಗುವುದಿಲ್ಲ. ಪೇಟೆಯ ಅಕ್ಕಿಯೂ ಯಾರದೋ ಗದ್ದೆಯಿಂದಲೇ ಬರಬೇಕು. ಎಲ್ಲ ಊರಿನವರೂ ನಿಮ್ಮಂತೆಯೇ ಯೋಚಿಸಿದರೆ ಏನು ಗತಿ ಎಂಬ ಚಿಂತೆ ನನ್ನನ್ನು ಬಿಡುವುದಿಲ್ಲ.

ಮೇಲಿನ ಮಕ್ಕಿ ಗದ್ದೆಯಲ್ಲಿ ಅಡಿಕೆ ಹಾಕಿ, ನನ್ನ ಆಕ್ಷೇಪವಿಲ್ಲ. ನೀರು ನಿಲ್ಲುವ ತಗ್ಗಿನ ಗದ್ದೆಯನ್ನು ಮಾತ್ರ ಉಳಿಸಿಕೊಳ್ಳಿ. ನಿಂತ ನೀರನ್ನು ಅಡಿಕೆಯ ಬೇರು ಹೇಗೂ ಸಹಿಸದು. ಕೊಯ್ಲಾದ ಮೇಲೆ ಉಳಿದ ಹಸಿಯಲ್ಲಿ ಉದ್ದು ಅಥವಾ ಹೆಸರು ಬಿತ್ತಿ. ಬೇಳೆಯೂ ಆಯಿತು, ಬೇರಿನ ಗಂಟುಗಳಿಂದ ಮಣ್ಣಿಗೆ ಸಾರಜನಕವೂ ಸೇರಿತು.

ಪ್ರಶ್ನೆ: ಬೆಟ್ಟದಲ್ಲಿ ಸೊಪ್ಪಿಲ್ಲ, ಕೊಟ್ಟಿಗೆಯಲ್ಲಿ ಎರಡೇ ದನ. ಬರೀ ರಾಸಾಯನಿಕ ಗೊಬ್ಬರದಲ್ಲಿ ತೋಟ ನಡೆಸಬಹುದೇ?
— ಓದುಗರು, ಶಿರಸಿ ತಾಲೂಕು

ಉತ್ತರ: ಕೆಲವು ವರ್ಷ ನಡೆಯುತ್ತದೆ. ಫಲ ಬರುವ ಒಂದು ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಎಂಬ ಶಿಫಾರಸು ನಿಮಗೆ ಗೊತ್ತಿರಬಹುದು. ಅದರ ಜೊತೆಯಲ್ಲೇ 12 ಕಿಲೋ ಹಸಿರು ಸೊಪ್ಪು, 12 ಕಿಲೋ ಕಾಂಪೋಸ್ಟ್ ಎಂದೂ ಇದೆ. ಈ ಎರಡನೆಯ ಸಾಲನ್ನು ಎಲ್ಲರೂ ಮರೆಯುತ್ತಾರೆ. ಸಾವಯವ ಅಂಶ ಇಲ್ಲದ ಮಣ್ಣು ನಮ್ಮ ಮಳೆಯಲ್ಲಿ ಪೊಟ್ಯಾಷ್ ಹಿಡಿದಿಟ್ಟುಕೊಳ್ಳಲಾರದು. ನೀವು ಹಾಕಿದ್ದು ಹಳ್ಳದ ಪಾಲಾಗುತ್ತದೆ. ಆದ್ದರಿಂದಲೇ ಒಂದೇ ಸಲ ಸುರಿಯದೆ, ಮಳೆ ಜೋರಿರುವ ತಿಂಗಳು ಬಿಟ್ಟು ಎರಡು ಕಂತಿನಲ್ಲಿ ಹಾಕಿ.

ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟ ಎಂಬ ಸವಲತ್ತು ಬ್ರಿಟಿಷರ ಕಾಲದ್ದು. ಆ ಲೆಕ್ಕ ಸುಮ್ಮನೆ ಹುಟ್ಟಿದ್ದಲ್ಲ, ತೋಟ ಅಷ್ಟು ಉಣ್ಣುತ್ತಿತ್ತು. ಬೆಟ್ಟವನ್ನು ಮೂರು ಭಾಗ ಮಾಡಿ, ಪ್ರತಿವರ್ಷ ಒಂದು ಭಾಗದಲ್ಲಿ ದರಕು ಗುಡಿಸುವುದನ್ನೂ ಸೊಪ್ಪು ಕಡಿಯುವುದನ್ನೂ ನಿಲ್ಲಿಸಿ. ಮತ್ತಿ, ಹೊನ್ನೆ, ಕೌಲು ತಾವಾಗಿ ಚಿಗುರುತ್ತವೆ. ತೋಟದ ಅಂಚಿಗೆ ಗ್ಲಿರಿಸಿಡಿಯಾ ಗೂಟ ನೆಡಿ. ಬಿದ್ದ ಸೋಗೆ, ಹಾಳೆ, ಅಡಿಕೆ ಸಿಪ್ಪೆಗೆ ಬೆಂಕಿ ಹಾಕದೆ ಕಡಿದು ಬುಡಕ್ಕೆ ಹರಡಿ.

ಪ್ರಶ್ನೆ: ತೋಟಕ್ಕೆ ಹೊಸ ಮಣ್ಣು ಹಾಕಲು ಪಕ್ಕದ ಧರೆಯನ್ನು ಜೆಸಿಬಿಯಿಂದ ಕಡಿಸಬಹುದೇ?
— ಓದುಗರು, ಯಲ್ಲಾಪುರ ತಾಲೂಕು

ಉತ್ತರ: ದಯವಿಟ್ಟು ಬೇಡ. 2021ರ ಜುಲೈ ಮಳೆಯಲ್ಲಿ ನಿಮ್ಮದೇ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ತೋಟಗಳು ಹೋದದ್ದನ್ನು ಕಂಡಿದ್ದೀರಿ. ಇಳಿಜಾರಿನ ಬುಡ ಕಡಿದರೆ ಮೇಲಿನ ಮಣ್ಣಿಗೆ ಆಸರೆ ತಪ್ಪುತ್ತದೆ. ಮೇಲಾಗಿ, ಧರೆಯ ಒಳಗಿಂದ ಬರುವ ಮಣ್ಣಿನಲ್ಲಿ ಸತ್ವ ಕಡಿಮೆ, ಕಬ್ಬಿಣ ಹೆಚ್ಚು. ಹಿಂದಿನವರು ಬುಟ್ಟಿಯಲ್ಲಿ ಹೊತ್ತು ತೆಳುವಾಗಿ ಹರಡುತ್ತಿದ್ದರು. ಯಂತ್ರದಲ್ಲಿ ದಪ್ಪಗೆ ಸುರಿದರೆ ಮೇಲ್ಪದರದಲ್ಲೇ ಉಸಿರಾಡುವ ಅಡಿಕೆ ಬೇರಿಗೆ ಉಸಿರು ಕಟ್ಟುತ್ತದೆ. ಮೊದಲು ಮಣ್ಣು ಪರೀಕ್ಷೆ ಮಾಡಿಸಿ, ಹುಳಿ ಹೆಚ್ಚಿದ್ದರೆ ವರದಿಯಲ್ಲಿ ಹೇಳಿದಷ್ಟೇ ಸುಣ್ಣ ಅಥವಾ ಡೋಲೋಮೈಟ್ ಕೊಡಿ. ಸುಣ್ಣ ಕೊಟ್ಟು ಎರಡು ಮೂರು ವಾರ ಕಳೆದ ಮೇಲೆ ಗೊಬ್ಬರ ಹಾಕಿ. ಶಿರಸಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಮಾದರಿ ತೆಗೆಯುವ ಕ್ರಮವನ್ನು ಅಲ್ಲಿ ಕೇಳಿಕೊಳ್ಳಿ. ಈ ಸಲದ ಗೊಬ್ಬರ ಹಾಕುವ ಮುಂಚೆಯೇ ಮಾದರಿ ತೆಗೆಯಬೇಕು.