ಹಿಮದ ಇಳಿಜಾರು

ಚಳಿಗಾಲದಲ್ಲಿ ಯೂರೋಪಿನ ಆಲ್ಪ್ಸ್ ಪರ್ವತಗಳ ಮೈಯೆಲ್ಲ ಹಿಮದಿಂದ ಮುಚ್ಚಿಹೋಗುತ್ತದೆ. ದೂರದಿಂದ ನೋಡುವವರಿಗೆ ಅದು ಒಂದೇ ಬಿಳಿಯ ಹಾಸಿನಂತೆ ತೋರಿದರೂ ಅದರೊಳಗೆ ಪದರದ ಮೇಲೆ ಪದರಗಳಿರುತ್ತವೆ. ಕೆಳಗಿನ ಪದರದ ಹರಳುಗಳು ಸಕ್ಕರೆಯಂತೆ ಬಿಡಿಬಿಡಿಯಾಗಿರಬಹುದು. ಗಾಳಿಯು ಹೊತ್ತು ತಂದ ಹಿಮವು ಅದರ ಮೇಲೆ ಹಲಗೆಯಂತೆ ಗಟ್ಟಿಯಾದಾಗ ಅಪಾಯವು ಹೊಂಚುಹಾಕಿ ಕುಳಿತಂತೆಯೇ ಸರಿ. 30ರಿಂದ 45 ಡಿಗ್ರಿಗಳ ಇಳಿಜಾರಿನಲ್ಲಿ ಸ್ಕೀ ಆಟಗಾರನೊಬ್ಬನ ಭಾರವೇ ಆ ಗಟ್ಟಿ ಪದರವನ್ನು ಸೀಳಿ ಜಾರಿಸಲು ಸಾಕು. ಇದೇ ಹಿಮಕುಸಿತ. ಇದಕ್ಕೆ ಬಲಿಯಾಗುವ ಸಾಹಸಿಗಳಲ್ಲಿ ಬಹುಮಂದಿಯ ವಿಷಯದಲ್ಲಿ, ಕುಸಿತವನ್ನು ಎಬ್ಬಿಸಿದವರು ಅವರೇ ಅಥವಾ ಅವರ ಸಂಗಡಿಗರೇ ಆಗಿರುತ್ತಾರೆ.

ಸ್ವಿಟ್ಜರ್ಲೆಂಡಿನ ದಾವೋಸ್ ಪಟ್ಟಣದ ಹಿಮ ಸಂಶೋಧನಾ ಸಂಸ್ಥೆಯು ಚಳಿಗಾಲದಲ್ಲಿ ದಿನವೂ ಅಪಾಯದ ಮಟ್ಟವನ್ನು 1ರಿಂದ 5ರವರೆಗಿನ ಅಂಕಗಳಲ್ಲಿ ಸಾರುತ್ತದೆ. 5 ಎಂದು ಸಾರಿದ ದಿನ ಬೆಟ್ಟವೇರುವವರು ವಿರಳ. ಅಲ್ಲಿ ಹೆಚ್ಚು ಸಾವುಗಳು ಸಂಭವಿಸುವುದು 3ನೆಯ ಮಟ್ಟದ ದಿನಗಳಲ್ಲಿ. ನಡುವಣ ಅಂಕವನ್ನು ಕಂಡು 'ಪರವಾಗಿಲ್ಲ' ಎಂದುಕೊಳ್ಳುವ ಮನಸ್ಸು ಸುಲಭವಾಗಿ ಮೋಸಹೋಗುತ್ತದೆ.

ಹಿಮದಡಿಯಲ್ಲಿ ಹೂತುಹೋದವರನ್ನು 10 ನಿಮಿಷಗಳೊಳಗೆ ಹೊರತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಬದುಕುತ್ತಾರೆ. ಅರ್ಧ ಗಂಟೆ ಕಳೆದರೆ ಬದುಕುವವರು ಸುಮಾರು ಮೂರರಲ್ಲಿ ಒಬ್ಬರು. ಅಷ್ಟರೊಳಗೆ ಹೆಲಿಕಾಪ್ಟರು ಬರುವುದು ದುರ್ಲಭ, ಕಾಪಾಡಬೇಕಾದವರು ಸಂಗಡಿಗರೇ. ಆದ್ದರಿಂದ ಪ್ರತಿಯೊಬ್ಬರೂ ಸಂಕೇತ ಕಳುಹಿಸುವ ರೇಡಿಯೋ ಉಪಕರಣವನ್ನು ಮೈಗೆ ಕಟ್ಟಿಕೊಂಡು, ಚುಚ್ಚಿ ಹುಡುಕುವ ನೀಳ ಸಲಾಕೆಯನ್ನೂ ಸಲಿಕೆಯನ್ನೂ ಒಯ್ಯುತ್ತಾರೆ. ಅಪಾಯದ ಇಳಿಜಾರನ್ನು ಒಬ್ಬೊಬ್ಬರಾಗಿಯೇ ದಾಟುತ್ತಾರೆ. ಉಳಿದವರು ಸುರಕ್ಷಿತ ಸ್ಥಳದಲ್ಲಿ ನಿಂತು ಕಣ್ಣಿಡುತ್ತಾರೆ.

ಕಾಲಡಿಯ ಹಿಮ 'ಧುಮ್' ಎಂದು ಕುಸಿದ ಸದ್ದಾದರೆ, ಬಿರುಕು ಹರಿದರೆ, ಅನುಭವಿಗಳು ಶಿಖರದ ಆಸೆಯನ್ನು ಬಿಟ್ಟು ಹಿಂದಿರುಗುತ್ತಾರೆ. ಅದು ಹೇಡಿತನವಲ್ಲ, ವಿವೇಕ. ಶಿಖರವು ನಾಳೆಯೂ ಅಲ್ಲಿಯೇ ಇರುತ್ತದೆ.